ಫ್ರೆಂಚ್ ಕಲಿಯೋಕೆ ಕನ್ನಡದ ಕಡೆಯಿಂದ ಹೊರಡಿ

‘ನನಗೆ ಹಸಿವಾಗಿದೆ’ ಅನ್ನೋದನ್ನ ಫ್ರೆಂಚಿನಲ್ಲಿ ಹೇಳಿ ಅಂದರೆ ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ‘ಝ ಸ್ವಿ ಫ್ಯಾಂ’ ಅನ್ನುತ್ತಾರೆ. ಝ ಅಂದರೆ ನಾನು, ಸ್ವಿ ಅಂದರೆ ಆಗಿದ್ದೇನೆ, ಫ್ಯಾಂ ಅಂದರೆ ಹಸಿವು. ‘ಐ ಆಮ್ ಹಂಗ್ರಿ’ ಅನ್ನೋದನ್ನ ಪದಕ್ಕೆ ಪದ ಇಟ್ಟು ಕಟ್ಟಿದ ವಾಕ್ಯ ಇದು. ಫ್ರೆಂಚರಿಗೆ ಇದು ‘ನಾನೇ ಹಸಿವು’ ಅಂದ ಹಾಗೆ ಕೇಳಿಸುತ್ತದೆ. ಅವರು ಹೇಳುವುದು ‘ಝೇ ಫ್ಯಾಂ’ ಅಂತ. ಅಂದರೆ ‘ನನಗೆ ಹಸಿವು ಇದೆ’. ಈಗ ನೋಡಿ, ನಮ್ಮ ಮನೆಯಲ್ಲಿ ಹೇಳುವುದೂ ಅದನ್ನೇ ಅಲ್ವಾ?

ಶಿವಮೊಗ್ಗದಲ್ಲಿ ಕೆಲವು ಹುಡುಗ ಹುಡುಗಿಯರಿಗೆ ನಾನು ಫ್ರೆಂಚ್ ಹೇಳಿಕೊಡುತ್ತೇನೆ. ಕೆಲವರಿಗೆ ಪಿಯುಸಿಯಲ್ಲಿ ಎರಡನೇ ಭಾಷೆಯಾಗಿ ಬೇಕು, ಕೆಲವರಿಗೆ ಕೆನಡಾಕ್ಕೋ ಫ್ರಾನ್ಸಿಗೋ ಹೋಗಲು ಪರೀಕ್ಷೆ ಪಾಸಾಗಬೇಕು. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬಂದವರಲ್ಲಿ ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ ಓದಿದವರೂ ಇದ್ದಾರೆ. ಅವರಿಗೆಲ್ಲ ಒಂದೇ ಭಯ: ನಮಗೆ ಇಂಗ್ಲಿಷೇ ಸರಿಯಾಗಿ ಬರಲ್ಲ, ಫ್ರೆಂಚ್ ಎಲ್ಲಿಂದ ಬರುತ್ತದೆ? ಆ ಭಯ ಹುಟ್ಟೋದಕ್ಕೂ ಕಾರಣ ಇದೆ. ಇಲ್ಲಿ ಸಿಗುವ ಪುಸ್ತಕ, ಆಪ್, ವಿಡಿಯೊ ಬಹುತೇಕ ಎಲ್ಲವೂ ಇಂಗ್ಲಿಷಿನವರಿಗೆ ಅಂತ ಮಾಡಿದ್ದು. ಇಂಗ್ಲಿಷ್ ಮಾತಾಡುವವರಿಗೆ ಯಾವುದು ಕಷ್ಟವೋ ಅದನ್ನೇ ಅವು ಕಷ್ಟ ಅಂತ ಹೇಳುತ್ತವೆ. ಆ ಪಟ್ಟಿಯಲ್ಲಿ ಅರ್ಧದಷ್ಟು ಕಷ್ಟಗಳು ಕನ್ನಡದವರಿಗೆ ಕಷ್ಟವೇ ಅಲ್ಲ. ಅದರ ಬದಲು ನಮಗೇ ಆದ ಬೇರೆ ಕೆಲವು ಕಷ್ಟಗಳಿವೆ, ಅವನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫ್ರೆಂಚ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ‘ಝ’ ಅಂತ ಬರೆದದ್ದನ್ನು ಇಂಗ್ಲಿಷಿನ ಟ್ರೆಷರ್, ಮೆಷರ್ ಪದಗಳ ನಡುವೆ ಬರುವ ಶಬ್ದದ ಹಾಗೆ ಓದಿ. ಪದದ ಕೊನೆಯಲ್ಲೋ ನಡುವೆಯೋ ಸೊನ್ನೆ ಬಂದರೆ ಬಾಯಿ ಮುಚ್ಚಬೇಡಿ, ಸ್ವರವನ್ನೇ ಮೂಗಿನಿಂದ ಬಿಡಿ.

ಹಸಿವಿನ ವಾಕ್ಯಕ್ಕೇ ವಾಪಸ್ ಬರೋಣ, ಏಕೆಂದರೆ ಅದರ ಹಿಂದೆ ದೊಡ್ಡ ಸಂಸಾರವೇ ಇದೆ. ಕನ್ನಡದಲ್ಲಿ ಮೈಗೆ, ಮನಸ್ಸಿಗೆ ಆಗುವುದನ್ನೆಲ್ಲ ನಾವು ‘ನನಗೆ’ ಅಂತ ಶುರು ಮಾಡುತ್ತೇವೆ. ನನಗೆ ಬಾಯಾರಿಕೆ, ನನಗೆ ನಿದ್ದೆ, ನನಗೆ ಚಳಿ, ನನಗೆ ಭಯ, ನನಗೆ ನಾಚಿಕೆ, ನನಗೆ ತಲೆನೋವು. ಇಂಗ್ಲಿಷಿನಲ್ಲಿ ಇವುಗಳಲ್ಲಿ ಹೆಚ್ಚಿನವು ‘ಐ ಆಮ್’ ಆಗುತ್ತವೆ. ಫ್ರೆಂಚಿನಲ್ಲಿ ಎಲ್ಲದಕ್ಕೂ ‘ಝೇ’, ಅಂದರೆ ‘ನನಗೆ ಇದೆ’. ಝೇ ಸ್ವಾಫ್, ಝೇ ಸೊಮ್ಮೇಯ್, ಝೇ ಫ್ರ್ವಾ, ಝೇ ಪೊರ್, ಝೇ ಓಂತ್, ಝೇ ಮಾಲ್ ಆ ಲಾ ತೆತ್. ವಯಸ್ಸೂ ಹಾಗೇ. ‘ನನಗೆ ಇಪ್ಪತ್ತು ವರ್ಷ’ ಅನ್ನೋದು ‘ಝೇ ವ್ಯಾಂತಾಂ’. ಇಲ್ಲಿ ‘ಝ ಸ್ವಿ’ ಹಾಕಿದರೆ ಅರ್ಥ ಕೆಡುವುದಷ್ಟೇ ಅಲ್ಲ, ಒಮ್ಮೊಮ್ಮೆ ಮುಜುಗರವೂ ಆಗುತ್ತದೆ. ಸೆಕೆ ಆಗ್ತಿದೆ ಅನ್ನಲು ‘ಝೇ ಶೋ’ ಅನ್ನಬೇಕು. ‘ಝ ಸ್ವಿ ಶೋ’ ಅಂದರೆ ಹತ್ತು ಜನರ ನಡುವೆ ಹೇಳಬಾರದ ಅರ್ಥ ಬಂದುಬಿಡಬಹುದು.

ಇದೇ ಮನೆತನದ ಇನ್ನೊಂದು ಗುಂಪು ಇದೆ. ಇಂಗ್ಲಿಷ್ ಪುಸ್ತಕಗಳು ಇದನ್ನು ‘ತಲೆಕೆಳಗಾದ ಕ್ರಿಯಾಪದಗಳು’ ಅನ್ನುವ ಹಾಗೆ ವಿವರಿಸುತ್ತವೆ. ನನ್ನ ಕಣ್ಣಿಗೆ ಅವು ನೆಟ್ಟಗೇ ಇವೆ. ‘ಸಾ ಮ ಪ್ಲೆ’ ಅಂದರೆ ‘ಅದು ನನಗೆ ಹಿಡಿಸುತ್ತದೆ’. ‘ಇಲ್ ಮ ಸಾಂಬ್ಲ್’ ಅಂದರೆ ‘ನನಗೆ ಅನಿಸುತ್ತದೆ’. ‘ಇಲ್ ಮ ಫೋ’ ಅಂದರೆ ‘ನನಗೆ ಬೇಕು’. ಅಂಗಡಿಯಲ್ಲಿ ದುಡ್ಡು ಎಣಿಸಿ ‘ನನಗೆ ಹತ್ತು ರೂಪಾಯಿ ಕಮ್ಮಿ ಬಿದ್ದಿದೆ’ ಅನ್ನುತ್ತೀರಲ್ಲ, ಅದು ‘ಇಲ್ ಮ ಮಾಂಕ್ ದೀ ರೂಪಿ’. ಅದೇ ಕ್ರಿಯಾಪದವನ್ನು ಜನರಿಗೆ ಹಾಕಿದರೆ ‘ತ್ಯು ಮ ಮಾಂಕ್’: ನೀನಿಲ್ಲದೆ ನನಗೆ ಏನೋ ಕಮ್ಮಿ ಆಗಿದೆ. ‘ಐ ಮಿಸ್ ಯೂ’ ಅನ್ನೋದನ್ನ ತಲೆಯಲ್ಲಿಟ್ಟುಕೊಂಡು ಹೊರಟವರು ಇಲ್ಲಿ ಕರ್ತೃ, ಕರ್ಮ ಎರಡನ್ನೂ ಅದಲುಬದಲು ಮಾಡಿ, ‘ನಾನಿಲ್ಲದೆ ನಿನಗೆ ಬೇಜಾರಾಗಿದೆ’ ಅಂತ ಹೇಳಿಬಿಡುತ್ತಾರೆ. ದಯವಿಟ್ಟು ಅನ್ನಲು ಹೇಳುವ ‘ಸಿಲ್ ವೂ ಪ್ಲೆ’ ಕೂಡ ಇದೇ ಜಾತಿಯದು, ‘ನಿಮಗೆ ಹಿಡಿಸಿದರೆ’ ಅಂತ ಅದರ ಕಟ್ಟು.

ಈಗ ‘ತ್ಯು’ ಮತ್ತು ‘ವೂ’. ಇಂಗ್ಲಿಷಿನವರಿಗೆ ಇದು ದೊಡ್ಡ ತಲೆಬಿಸಿ, ಏಕೆಂದರೆ ಅವರಿಗೆ ಎಲ್ಲರಿಗೂ ಒಂದೇ ‘ಯೂ’. ನಮಗೆ ನೀನು, ನೀವು ಹುಟ್ಟಿನಿಂದ ಬಂದದ್ದು. ಒಬ್ಬರಿಗೇ ಗೌರವದಿಂದ ಹೇಳಿದರೂ ‘ವೂ’, ಹತ್ತು ಜನರಿಗೆ ಹೇಳಿದರೂ ‘ವೂ’, ಕ್ರಿಯಾಪದ ಯಾವಾಗಲೂ ಬಹುವಚನದ್ದು. ಥೇಟ್ ನಮ್ಮ ‘ನೀವು’. ದೇವರಿಗೆ ಮಾತ್ರ ನಾವು ‘ನೀನೇ ಕಾಪಾಡು’ ಅನ್ನುತ್ತೇವೆ. ಫ್ರೆಂಚ್ ಕ್ರೈಸ್ತರ ಪ್ರಾರ್ಥನೆಯಲ್ಲೂ ಇವತ್ತು ದೇವರಿಗೆ ‘ತ್ಯು’ ಅಂತಲೇ ಹೇಳುವುದು.

ಆದರೆ ಯಾರಿಗೆ ಯಾವುದು ಅನ್ನುವ ಲೆಕ್ಕ ಪೂರ್ತಿ ಒಂದೇ ಅಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ನೀನು, ಅಪ್ಪನಿಗೆ ನೀವು. ಫ್ರಾನ್ಸಿನಲ್ಲಿ ಇವತ್ತು ಮನೆಯೊಳಗೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರಿಗೂ ‘ತ್ಯು’. ಅಂಗಡಿಯವರಿಗೆ, ಬಸ್ ಡ್ರೈವರಿಗೆ, ಗುರುತಿಲ್ಲದ ದೊಡ್ಡವರಿಗೆ ‘ವೂ’. ವಯಸ್ಸಿಗಿಂತ ಸಲಿಗೆಯ ಲೆಕ್ಕ ಅಲ್ಲಿ ಜಾಸ್ತಿ. ಸಲಿಗೆ ಬೆಳೆದ ಮೇಲೆ ‘ತ್ಯು ಅಂತ ಮಾತಾಡೋಣವಾ?’ ಅಂತ ಬಾಯಿಬಿಟ್ಟು ಕೇಳುವ ರೂಢಿಯೂ ಇದೆ.

ಇಲ್ಲೇ ನಮ್ಮವರು ಮಾತ್ರ ಎಡವುವ ಒಂದು ಜಾಗ ಇದೆ. ನಾವು ಎದುರಿಗಿಲ್ಲದವರಿಗೂ ಗೌರವ ಕೊಡುತ್ತೇವೆ: ‘ಮೇಷ್ಟ್ರು ಬಂದರು, ಅವರು ಹೀಗಂದರು’. ಫ್ರೆಂಚಿನಲ್ಲಿ ಆ ಗೌರವದ ಬಹುವಚನ ಇಲ್ಲ. ಅಪ್ಪನಾಗಲಿ ಪ್ರಧಾನಿಯಾಗಲಿ, ‘ಇಲ್’, ಅಂದರೆ ಅವನು. ಅಮ್ಮನಿಗೆ, ಟೀಚರಿಗೆ ‘ಎಲ್’, ಅವಳು. ಮೇಷ್ಟ್ರಿಗೆ ಅವನು ಅನ್ನೋದು ಹೇಗೆ ಅಂತ ಹಿಂಜರಿದು, ಕ್ರಿಯಾಪದಕ್ಕೆ ಬಹುವಚನ ಹಾಕುವ ಹುಡುಗರನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದರೆ ಒಬ್ಬ ಅಪ್ಪ ಇದ್ದವನಿಗೆ ಇಬ್ಬರು ಮೂವರು ಆಗಿಬಿಡುತ್ತಾರೆ. ಮೂರನೆಯವರ ಬಗ್ಗೆ ಮಾತಾಡುವಾಗ ಏಕವಚನವೇ ಇರಲಿ, ಅದರಲ್ಲಿ ಅಗೌರವ ಏನೂ ಇಲ್ಲ.

ಇನ್ನು ಕಾಲಗಳು. ಫ್ರೆಂಚಿನಲ್ಲಿ ಮಾತಿನಲ್ಲಿ ಬಳಸುವ ಭೂತಕಾಲ ಮುಖ್ಯವಾಗಿ ಎರಡು. ಒಂದು ಮುಗಿದ ಕೆಲಸಕ್ಕೆ, ಇನ್ನೊಂದು ನಡೆಯುತ್ತಿದ್ದ ಸ್ಥಿತಿಗೆ ಅಥವಾ ರೂಢಿಗೆ. ಎರಡನೆಯದರ ಹೆಸರು ಎಂಪರ್ಫೆ. ಇಂಗ್ಲಿಷಿನವರಿಗೆ ಇದರ ಬಗ್ಗೆ ಅಧ್ಯಾಯಗಟ್ಟಲೆ ಬರೆದಿರುತ್ತಾರೆ, ಏಕೆಂದರೆ ಅವರಲ್ಲಿ ‘ವಾಸ್ ಡೂಯಿಂಗ್’ ಬೇರೆ, ‘ಯೂಸ್ಡ್ ಟು ಡು’ ಬೇರೆ, ಎಷ್ಟೋ ಸಲ ಎರಡೂ ಇಲ್ಲದೆ ಬರೀ ‘ಡಿಡ್’ ಸಾಕು. ಕನ್ನಡದಲ್ಲಿ ನೋಡಿ: ‘ಬಸ್ಸು ಬಂದಾಗ ಮಳೆ ಸುರಿಯುತ್ತಿತ್ತು’, ‘ಚಿಕ್ಕವರಿದ್ದಾಗ ತುಂಗೆಯಲ್ಲಿ ಈಜುತ್ತಿದ್ದೆವು’. ಆ ಹೊತ್ತಿಗೆ ನಡೆಯುತ್ತಿದ್ದದ್ದಕ್ಕೂ, ರೂಢಿಗೂ ಒಂದೇ ‘-ಉತ್ತಿದ್ದ’. ಅದೇ ಎಂಪರ್ಫೆ. ‘ಇಲ್ ಪ್ಲೊವೆ’ ಅಂದರೆ ಮಳೆ ಬರ್ತಾ ಇತ್ತು. ‘ಲ ಬ್ಯುಸ್ ಎತ್ ಆರಿವೇ’ ಅಂದರೆ ಬಸ್ಸು ಬಂತು. ಆಗುಂಬೆ ಘಾಟಿ ಹತ್ತಿ ಬಂದ ಕಥೆಯನ್ನು ಮನೆಯಲ್ಲಿ ಹೇಳುವಾಗ ಎಲ್ಲಿ ‘ಬರ್ತಾ ಇತ್ತು’ ಅನ್ನುತ್ತೀರೋ ಅಲ್ಲಿ ಎಂಪರ್ಫೆ ಹಾಕಿ, ಎಲ್ಲಿ ‘ಬಂತು’ ಅನ್ನುತ್ತೀರೋ ಅಲ್ಲಿ ಇನ್ನೊಂದು. ಬಹುತೇಕ ಕಡೆ ಸರಿಯಾಗೇ ಕೂರುತ್ತದೆ.

ಇದರಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಗಂಟು ಇದೆ, ನನಗೆ ತುಂಬಾ ಇಷ್ಟವಾದದ್ದು. ‘ಝ ಸಾವೆ’ ಮತ್ತು ‘ಝೇ ಸ್ಯು’. ಎರಡೂ ಒಂದೇ ಕ್ರಿಯಾಪದದ ಭೂತಕಾಲ, ಇಂಗ್ಲಿಷಿನಲ್ಲಿ ಎರಡೂ ‘ಐ ನ್ಯೂ’ ಆಗಿಬಿಡಬಹುದು. ಹಾಗಾಗಿ ಇಂಗ್ಲಿಷ್ ಪುಸ್ತಕ ಇಲ್ಲಿ ಎರಡು ಪ್ಯಾರಾ ವಿವರಣೆ ಕೊಡಬೇಕಾಗುತ್ತದೆ. ಕನ್ನಡದಲ್ಲಿ ಎರಡು ಪದ ಸಾಕು. ಝ ಸಾವೆ, ಗೊತ್ತಿತ್ತು. ಝೇ ಸ್ಯು, ಗೊತ್ತಾಯಿತು. ಅದೇ ರೀತಿ ‘ಝಾವೆ ಪೊರ್’ ಅಂದರೆ ಭಯ ಇತ್ತು, ‘ಝೇ ಯು ಪೊರ್’ ಅಂದರೆ ಭಯ ಆಯಿತು. ನಮ್ಮ ಇರು, ಆಗು ಅನ್ನುವ ಎರಡು ಸಣ್ಣ ಕ್ರಿಯಾಪದಗಳು ಮಾಡುವ ಕೆಲಸವನ್ನು ಅವರ ಎರಡು ಭೂತಕಾಲಗಳು ಮಾಡುತ್ತವೆ. ಇದು ಹಿಡಿಸಿದವರಿಗೆ ಆಮೇಲೆ ಅಲ್ಲಿ ತಪ್ಪುವುದು ಅಪರೂಪ.

‘ಹತ್ತು ವರ್ಷದಿಂದ ಶಿವಮೊಗ್ಗದಲ್ಲಿ ಇದ್ದೇನೆ’ ಅನ್ನೋದೂ ಹಾಗೇ. ನಾವು ವರ್ತಮಾನ ಕಾಲದಲ್ಲೇ ಹೇಳುತ್ತೇವೆ, ಅವರೂ ವರ್ತಮಾನದಲ್ಲೇ ಹೇಳುತ್ತಾರೆ: ‘ಝಾಬೀತ್ ಆ ಶಿವಮೊಗ್ಗ ದಪ್ವಿ ದೀಜ಼ಾಂ’. ದಪ್ವಿ ಅನ್ನೋದು ನಮ್ಮ ‘-ಇಂದ’. ‘ಹ್ಯಾವ್ ಬೀನ್ ಲಿವಿಂಗ್’ ಹುಡುಕಲು ಹೋದವರೇ ಇಲ್ಲಿ ದಾರಿ ತಪ್ಪುವುದು.

ಮುಗಿದ ಕೆಲಸ ಹೇಳುವಾಗ ಇನ್ನೊಂದು ತೊಡಕು ಬರುತ್ತದೆ. ಹೆಚ್ಚಿನ ಕ್ರಿಯಾಪದಗಳು ‘ಝೇ’ ಜೊತೆ ಹೋಗುತ್ತವೆ, ಹೋಗು, ಬಾ, ಹೊರಡು, ಬೀಳು, ಹುಟ್ಟು, ಸಾಯಿ ಥರದ ಕೆಲವು ಮಾತ್ರ ‘ಝ ಸ್ವಿ’ ಜೊತೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಲೇಬೇಕು, ಬೇರೆ ದಾರಿ ಇಲ್ಲ. ಆದರೆ ಆ ಪಟ್ಟಿಯೊಳಗಿನ ನಾಲ್ಕೈದು ಕ್ರಿಯಾಪದಗಳು ಎರಡೂ ಕಡೆ ಹೋಗುತ್ತವೆ, ಅವನ್ನು ಕನ್ನಡ ಚೆನ್ನಾಗಿ ಬಿಡಿಸುತ್ತದೆ. ‘ಝ ಸ್ವಿ ದೆಸಾಂದ್ಯು’: ಇಳಿದೆ. ‘ಝೇ ದೆಸಾಂದ್ಯು ಲ ಸಾಕ್’: ಚೀಲ ಇಳಿಸಿದೆ. ‘ಝ ಸ್ವಿ ಮೋಂತೇ’: ಹತ್ತಿದೆ. ‘ಝೇ ಮೋಂತೇ ಲ ಸಾಕ್’: ಚೀಲ ಹತ್ತಿಸಿದೆ. ಮಳೆ ಬಂತು ಅಂತ ಓಡಿಹೋಗಿ ಅಂಗಳದ ಬಟ್ಟೆ ಒಳಗೆ ತಂದರೆ ‘ಝೇ ರಾಂತ್ರೇ ಲ ಲ್ಯಾಂಝ್’. ಬಟ್ಟೆಯ ಗೊಡವೆಗೆ ಹೋಗದೆ ನೀವಷ್ಟೇ ಒಳಗೆ ಬಂದರೆ ‘ಝ ಸ್ವಿ ರಾಂತ್ರೇ’. ಕನ್ನಡದಲ್ಲಿ ‘-ಇಸು’ ಸೇರುವ ಕಡೆ, ಅಂದರೆ ಕೆಲಸ ಇನ್ನೊಂದು ವಸ್ತುವಿನ ಮೇಲೆ ಹೋಗುವ ಕಡೆ, ಅಲ್ಲಿ ‘ಝೇ’.

ಪದಗಳ ಸಾಲಿನಲ್ಲೂ ಒಂದು ಕಡೆ ನಮಗೆ ಲಾಭ ಇದೆ. ಫ್ರೆಂಚ್ ವಾಕ್ಯ ಒಟ್ಟಾರೆ ಇಂಗ್ಲಿಷಿನ ಹಾಗೇ ಹೋಗುತ್ತದೆ, ಕ್ರಿಯಾಪದ ನಡುವೆ, ಕರ್ಮ ಆಮೇಲೆ. ಆದರೆ ಅವನಿಗೆ, ಅದನ್ನು, ನನಗೆ ಅನ್ನುವ ಸರ್ವನಾಮ ಬಂದ ತಕ್ಷಣ ಅದು ಜಿಗಿದು ಕ್ರಿಯಾಪದದ ಮುಂದೆ ಕೂರುತ್ತದೆ. ‘ಝ ಲ ಲ್ವಿ ದೊನ್’: ನಾನು, ಅದನ್ನು, ಅವನಿಗೆ, ಕೊಡುತ್ತೇನೆ. ‘ಇಲ್ ಮ ಲ ದೊನ್’: ಅವನು, ನನಗೆ, ಅದನ್ನು, ಕೊಡುತ್ತಾನೆ. ಒಂದು ಪದವನ್ನೂ ಸರಿಸದೆ ಕನ್ನಡ ಹೇಳಿಬಿಡಬಹುದು. ಪುಸ್ತಕಗಳಲ್ಲಿ ಎಲ್ಲರನ್ನೂ ಹೆದರಿಸುವ ‘ಇ’ ಮತ್ತು ‘ಆಂ’ ಅನ್ನುವ ಎರಡು ಪುಟ್ಟ ಪದಗಳೂ ಹೀಗೆಯೇ. ‘ಝಿ ವೆ’ ಅಂದರೆ ನಾನು ಅಲ್ಲಿಗೆ ಹೋಗುತ್ತೇನೆ. ‘ಝಾಂ ವೊ ದೊ’ ಅಂದರೆ ನನಗೆ ಅದರಲ್ಲಿ ಎರಡು ಬೇಕು. ಗಾಂಧಿ ಬಜಾರಿನಲ್ಲಿ ಮಾವಿನಹಣ್ಣಿನ ರಾಶಿ ತೋರಿಸಿ ‘ಅದ್ರಲ್ಲಿ ಎರಡು ಕೊಡಿ’ ಅನ್ನುವವರಿಗೆ ‘ಆಂ’ ಏನು ಅಂತ ಬೇರೆ ಹೇಳಿಕೊಡಬೇಕಾಗಿಲ್ಲ.

ಒಂದು ವಿಷಯಕ್ಕೆ ಮಾತ್ರ ಎಚ್ಚರ. ನಾವು ‘ಬಂದೆ’, ‘ಹೋಗ್ತೀವಿ’ ಅಂತ ಕರ್ತೃವನ್ನು ಬಿಟ್ಟು ಮಾತಾಡುತ್ತೇವೆ, ಪ್ರತ್ಯಯದಲ್ಲೇ ಯಾರು ಅಂತ ಗೊತ್ತಾಗುತ್ತದೆ. ಫ್ರೆಂಚಿನಲ್ಲೂ ಬರಹದಲ್ಲಿ ಪ್ರತ್ಯಯ ಸುಮಾರಾಗಿ ಬದಲಾಗುತ್ತದೆ, ನಿಜ. ಆದರೆ ‘ಮಾತಾಡು’ ಅನ್ನುವ ಕ್ರಿಯಾಪದವನ್ನೇ ತೆಗೆದುಕೊಳ್ಳಿ, ಬಾಯಲ್ಲಿ ನಾನು, ನೀನು, ಅವನು, ಅವರು ನಾಲ್ಕಕ್ಕೂ ‘ಪಾರ್ಲ್’ ಅಂತ ಒಂದೇ ಶಬ್ದ ಕೇಳಿಸುತ್ತದೆ. ಹಾಗಾಗಿ ಝ, ತ್ಯು, ಇಲ್ ಬಿಡುವ ಹಾಗೇ ಇಲ್ಲ.

ಈಗ ಉಚ್ಚಾರಣೆಗೆ ಬರೋಣ. ಫ್ರೆಂಚಿನ ತ, ದ ನಮ್ಮ ತ, ದವೇ, ಹಲ್ಲಿಗೆ ನಾಲಿಗೆ ತಾಗಬೇಕು. ಇಂಗ್ಲಿಷಿನ ಟ, ಡ ಅಲ್ಲ. ಮೇಜಿಗೆ ‘ತಾಬ್ಲ್’. ಟೇಬಲ್ ನೆನಪಾಗಿ ‘ಟಾಬ್ಲ್’ ಅನ್ನಬೇಡಿ. ಕಷ್ಟ ಇರುವುದು ‘ತ್ಯು’ ಪದದ ಸ್ವರದಲ್ಲಿ. ‘ಈ’ ಅನ್ನಿ, ನಾಲಿಗೆಯನ್ನು ಅಲುಗಿಸಬೇಡಿ, ತುಟಿಯನ್ನು ಮಾತ್ರ ‘ಊ’ ಅನ್ನುವ ಹಾಗೆ ಗುಂಡಗೆ ಮಾಡಿ. ಬರುವುದೇ ಆ ಸ್ವರ. ಇದು ಬರದಿದ್ದರೆ ಏನಾಗುತ್ತದೆ ಅಂದರೆ, ‘ಓ ದಸ್ಯು’ ಅಂದರೆ ಮೇಲೆ, ‘ಓ ದಸೂ’ ಅಂದರೆ ಕೆಳಗೆ. ಕೀಲಿ ಎಲ್ಲಿಟ್ಟಿದ್ದೀರಿ ಅಂತ ಹೇಳುವಾಗ ಒಂದು ಸ್ವರ ತಪ್ಪಿದರೆ ಹುಡುಕುವವರು ಮೇಜಿನ ಕೆಳಗೆ ಬಗ್ಗಬೇಕಾಗುತ್ತದೆ.

ಮೂಗಿನ ಸ್ವರಗಳಲ್ಲಿ ವಾಂ ಅಂದರೆ ಗಾಳಿ, ವೋಂ ಅಂದರೆ ಹೋಗುತ್ತಾರೆ, ವ್ಯಾಂ ಅಂದರೆ ಇಪ್ಪತ್ತು. ಕನ್ನಡದ ಸೊನ್ನೆ ಮುಂದಿನ ಅಕ್ಷರಕ್ಕೆ ತಕ್ಕ ಹಾಗೆ ಙ, ನ, ಮ ಆಗಿಬಿಡುತ್ತದೆ, ಅಲ್ಲಿ ಹಾಗಾಗಬಾರದು. ಮನೆಯಲ್ಲಿ ಕೊಂಕಣಿ ಮಾತಾಡುವ ಮಕ್ಕಳಿಗೆ ಇದು ಹೇಳಿಕೊಡಬೇಕಾಗಿಯೇ ಇಲ್ಲ, ಅವರ ಭಾಷೆಯಲ್ಲೇ ಮೂಗಿನ ಸ್ವರ ಇದೆ. ಗಂಟಲಿನಿಂದ ಬರುವ ಫ್ರೆಂಚ್ ‘ರ’ ಉರ್ದು ಮನೆಮಾತಿನವರಿಗೆ ಬೇಗ ಬರುತ್ತದೆ, ‘ಗ಼ರೀಬ್’ ಪದದ ಮೊದಲ ಅಕ್ಷರದ ಹತ್ತಿರದ ಶಬ್ದ ಅದು. ಮಲೆನಾಡಿನ ಒಂದು ಬೀದಿಯಲ್ಲಿ ಮೂರು ನಾಲ್ಕು ಭಾಷೆ ಇರೋದು ಇಂಥ ಹೊತ್ತಿಗೆ ಎಷ್ಟು ಉಪಯೋಗ ಅಂತ ನಾವು ಯೋಚಿಸುವುದೇ ಇಲ್ಲ.

ಪದಗಳು ಒಂದಕ್ಕೊಂದು ಅಂಟಿಕೊಳ್ಳುವುದು ಫ್ರೆಂಚ್ ಕೇಳುವವರಿಗೆ ದೊಡ್ಡ ಕಿರಿಕಿರಿ. ಎಲ್ಲಿ ಒಂದು ಪದ ಮುಗಿದು ಇನ್ನೊಂದು ಶುರುವಾಯಿತು ಗೊತ್ತಾಗಲ್ಲ ಅಂತ ಎಲ್ಲರೂ ದೂರುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕಲಿಸಿದ ಸಂಧಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಊರು ಸೇರಿ ಅಲ್ಲಿ, ಊರಲ್ಲಿ: ಲೋಪ. ‘ಲ’ ಸೇರಿ ‘ಆಮಿ’, ‘ಲಾಮಿ’, ಅಂದರೆ ಗೆಳೆಯ: ಇಲ್ಲೂ ಮೊದಲ ಪದದ ಕೊನೆಯ ಸ್ವರ ಬಿದ್ದುಹೋಯಿತು. ಮನೆ ಸೇರಿ ಅನ್ನು, ಮನೆಯನ್ನು, ಎರಡು ಸ್ವರದ ನಡುವೆ ಯಕಾರ ಬಂತು: ಆಗಮ. ‘ಇಲ್ ಆ’, ಅಂದರೆ ಅವನಿಗೆ ಇದೆ, ಅನ್ನೋದನ್ನ ಪ್ರಶ್ನೆ ಮಾಡಲು ತಿರುಗಿಸಿದರೆ ‘ಆ ಇಲ್’ ಆಗಬೇಕಿತ್ತು, ನಡುವೆ ಒಂದು ತಕಾರ ಬಂದು ‘ಆತಿಲ್’ ಆಗುತ್ತದೆ. ಆ ತಕಾರಕ್ಕೆ ಅರ್ಥವೇ ಇಲ್ಲ, ಬಾಯಿಗೆ ಸುಲಭವಾಗಲಿ ಅಂತ ಇರೋದು. ಮಳೆ ಸೇರಿ ಕಾಲ, ಮಳೆಗಾಲ, ಕಕಾರ ಹೋಗಿ ಗಕಾರ: ಆದೇಶ. ದೊಡ್ಡ ಅನ್ನುವ ಅರ್ಥದ ‘ಗ್ರಾಂ’ ಪದದ ಬರಹದ ಕೊನೆಯಲ್ಲಿ ಸುಮ್ನೆ ಕೂತ ಒಂದು ದಕಾರ ಇದೆ. ‘ಆಮಿ’ ಸೇರಿದಾಗ ಅದು ತಕಾರವಾಗಿ ಎದ್ದು ‘ಗ್ರಾಂತಾಮಿ’ ಆಗುತ್ತದೆ. ಬಹುವಚನದ ‘ಲೇ’ ಪದದ ಕೊನೆಯಲ್ಲಿ ಅಡಗಿರುವ ಸಕಾರ, ಸ್ವರದ ಮುಂದೆ ಜ಼ಕಾರವಾಗಿ ‘ಲೇಜ಼ಾಮಿ’.

ಸಂಧಿ ಆಗಬೇಕಾದ ಕಡೆ ಆಗದೆ ಉಳಿಯುವುದಕ್ಕೆ ನಮ್ಮ ವ್ಯಾಕರಣದಲ್ಲಿ ಪ್ರಕೃತಿಭಾವ ಅನ್ನುತ್ತಾರೆ, ‘ಅಬ್ಬಾ ಅದೇನು’ ಅಂದ ಹಾಗೆ. ಫ್ರೆಂಚಿನಲ್ಲೂ ಅದು ಇದೆ. ಬರಹದಲ್ಲಿ ಹಕಾರದಿಂದ ಶುರುವಾಗುವ ಕೆಲವು ಪದಗಳು, ಹಕಾರದ ಉಚ್ಚಾರಣೆ ಇಲ್ಲದಿದ್ದರೂ, ಸಂಧಿಗೆ ಒಪ್ಪುವುದಿಲ್ಲ. ವೀರರು ಅನ್ನಲು ‘ಲೇ ಏರೋ’ ಅಂತ ಬಿಡಿಸಿಯೇ ಹೇಳಬೇಕು. ಸಂಧಿ ಮಾಡಿದರೆ ‘ಲೇ ಜ಼ೇರೋ’, ಅಂದರೆ ಸೊನ್ನೆಗಳು, ಆಗುತ್ತದೆ.

ಕನ್ನಡ ಕೈಹಿಡಿಯದ ಜಾಗಗಳನ್ನೂ ಹೇಳಬೇಕು. ಮೊದಲನೆಯದು ಲಿಂಗ. ಫ್ರೆಂಚಿನಲ್ಲಿ ನಪುಂಸಕ ಲಿಂಗ ಇಲ್ಲ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಯಾಕೆ ಅಂತ ಕೇಳಬೇಡಿ, ಮೇಜಿನಲ್ಲಿ ಹೆಣ್ಣುತನ ಏನೂ ಇಲ್ಲ. ಲಿಂಗ ಇರುವುದು ಪದಕ್ಕೆ, ವಸ್ತುವಿಗಲ್ಲ. ಇದು ನಮಗೆ ಪೂರ್ತಿ ಹೊಸದೂ ಅಲ್ಲ: ‘ಮಗು ಅಳುತ್ತಿದೆ’ ಅನ್ನುತ್ತೇವಲ್ಲ, ಗಂಡು ಮಗುವೇ ಆಗಿರಲಿ ಹೆಣ್ಣು ಮಗುವೇ ಆಗಿರಲಿ. ಫ್ರೆಂಚಿನ ‘ಪೆರ್ಸೊನ್’, ಅಂದರೆ ವ್ಯಕ್ತಿ, ಹಾಗೇ ಯಾವಾಗಲೂ ಸ್ತ್ರೀಲಿಂಗ, ಆ ವ್ಯಕ್ತಿ ಗಂಡಸಾದರೂ. ಹತ್ತನೇ ಕ್ಲಾಸಿನಲ್ಲಿ ಸಂಸ್ಕೃತ ತೆಗೆದುಕೊಂಡವರಿಗೆ ಇದು ಇನ್ನೂ ಬೇಗ ಹತ್ತುತ್ತದೆ. ಹೆಂಡತಿ ಅನ್ನುವ ಅರ್ಥದಲ್ಲೇ ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರಂ’ ನಪುಂಸಕ, ‘ದಾರಾಃ’ ಪುಲ್ಲಿಂಗ ಅಂತ ಒಪ್ಪಿಕೊಂಡವರು ಫ್ರೆಂಚ್ ಮೇಜಿನ ಮುಂದೆ ಬೆರಗಾಗಬೇಕಿಲ್ಲ.

ಪದವನ್ನು ಒಂಟಿಯಾಗಿ ಕಲಿಯಬೇಡಿ. ‘ತಾಬ್ಲ್’ ಅಂತ ಬರೆದುಕೊಳ್ಳದೆ ‘ಲಾ ತಾಬ್ಲ್’ ಅಂತಲೇ ಬರೆದುಕೊಳ್ಳಿ (‘ಲಾ’ ಸ್ತ್ರೀಲಿಂಗದ ಗುರುತು, ‘ಲ’ ಪುಲ್ಲಿಂಗದ್ದು), ಎದುರಿಗೆ ಕನ್ನಡ ಅರ್ಥ ಇರಲಿ. ಪದದ ಬಾಲ ನೋಡಿಯೂ ಊಹಿಸಬಹುದು. ‘-ಸ್ಯೋಂ’ ಅಂತ ಮುಗಿದರೆ ಹೆಚ್ಚಾಗಿ ಸ್ತ್ರೀಲಿಂಗ, ‘-ಎತ್’ ಕೂಡ. ‘-ಮಾಂ’, ‘-ಆಝ್’ ಅಂತ ಮುಗಿದರೆ ಹೆಚ್ಚಾಗಿ ಪುಲ್ಲಿಂಗ: ಲ ವಿಲಾಝ್ (ಹಳ್ಳಿ), ಲ ಫ್ರೊಮಾಝ್ (ಚೀಸ್). ಆದರೆ ಪುಟಕ್ಕೆ ‘ಲಾ ಪಾಝ್’, ಸಮುದ್ರ ತೀರಕ್ಕೆ ‘ಲಾ ಪ್ಲಾಝ್’, ಇವು ಹೊರತು. ಇನ್ನು ಲಿಂಗ ಬದಲಾದರೆ ಅರ್ಥವೇ ಬದಲಾಗುವ ಪದಗಳೂ ಇವೆ. ‘ಲ ತೂರ್’ ಅಂದರೆ ಸುತ್ತು, ಫ್ರಾನ್ಸ್ ಸುತ್ತುವ ಸೈಕಲ್ ರೇಸಿನ ಹೆಸರಿನಲ್ಲಿ ಇರುವುದು ಅದೇ. ‘ಲಾ ತೂರ್’ ಅಂದರೆ ಗೋಪುರ, ಐಫೆಲ್ ಗೋಪುರಕ್ಕೆ ಹೇಳುವುದು ಇದನ್ನು.

ಎರಡನೆಯ ಕಷ್ಟ ನಾಮಪದಕ್ಕಿಂತ ಮೊದಲು ಬರುವ ‘ಲ’, ‘ಅಂ’, ‘ದ್ಯು’ಗಳದ್ದು, ಇಂಗ್ಲಿಷಿನ ದಿ, ಎ ಥರದವು. ಕನ್ನಡದಲ್ಲಿ ಈ ಥರದ ಪದಗಳೇ ಇಲ್ಲ, ಹಾಗಾಗಿ ನಾವು ಬಿಟ್ಟೇ ಬಿಡುತ್ತೇವೆ. ಒಂದು ಕಾಫಿಯಲ್ಲೇ ಎಲ್ಲವನ್ನೂ ತೋರಿಸಬಹುದು. ‘ನನಗೆ ಕಾಫಿ ಇಷ್ಟ’ ಅಂದಾಗ ಕಾಫಿ ಅನ್ನುವುದನ್ನೇ ಒಟ್ಟಾಗಿ ಹೇಳುತ್ತಿದ್ದೀರಿ: ‘ಝೆಮ್ ಲ ಕಾಫೇ’. ‘ಕಾಫಿ ಕುಡಿಯುತ್ತೇನೆ’ ಅಂದಾಗ ಲೋಕದ ಕಾಫಿಯನ್ನೆಲ್ಲ ಕುಡಿಯಲ್ಲ, ಅದರಲ್ಲಿ ಒಂದಿಷ್ಟು: ‘ಝ ಬ್ವಾ ದ್ಯು ಕಾಫೇ’. ಹೋಟೆಲಿನಲ್ಲಿ ‘ಒಂದು ಕಾಫಿ ಕೊಡಿ’ ಅನ್ನುವಾಗ ಅದು ಲೋಟದ ಲೆಕ್ಕ: ‘ಅಂ ಕಾಫೇ, ಸಿಲ್ ವೂ ಪ್ಲೆ’. ‘ಕಾಫಿ ಕುಡಿಯಲ್ಲ’ ಅಂದರೆ ಒಂದಿಷ್ಟೂ ಇಲ್ಲ: ‘ಝ ನ ಬ್ವಾ ಪಾ ದ ಕಾಫೇ’, ದ್ಯು ಹೋಗಿ ಬರೀ ‘ದ’ ಉಳಿಯಿತು. ಅಕ್ಕಿ, ಹಾಲು, ಜೇನು ಯಾವುದಕ್ಕಾದರೂ ಇದೇ ನಾಲ್ಕು ವಾಕ್ಯ ಹೇಳಿ ಅಭ್ಯಾಸ ಮಾಡಿ. ಸ್ತ್ರೀಲಿಂಗದ ಪದವಾದರೆ ಲ ಹೋಗಿ ‘ಲಾ’, ದ್ಯು ಹೋಗಿ ‘ದ ಲಾ’ ಬರುತ್ತದೆ. ನಿಯಮ ಓದುವುದಕ್ಕಿಂತ ಇದು ಬೇಗ ಹತ್ತುತ್ತದೆ.

ಗುಣವಾಚಕ ಹೆಚ್ಚಾಗಿ ನಾಮಪದದ ಆಮೇಲೆ ಬರುತ್ತದೆ, ‘ಕಾರು ಕೆಂಪು’ ಅನ್ನುವ ಹಾಗೆ. ದೊಡ್ಡ, ಚಿಕ್ಕ, ಒಳ್ಳೆಯ, ಚಂದದ ಅನ್ನುವ ದಿನಬಳಕೆಯವು ಮಾತ್ರ ಮೊದಲು. ಕೆಲವು ಎರಡೂ ಕಡೆ ಬಂದು ಅರ್ಥ ಬದಲಿಸುತ್ತವೆ: ‘ಪೋವ್ರ್’ ಆಮೇಲೆ ಬಂದರೆ ಬಡವ, ಮೊದಲು ಬಂದರೆ ‘ಪಾಪ’ ಅನ್ನುತ್ತೇವಲ್ಲ, ಅದು.

ಇನ್ನು ಪದಗಳ ಬಲೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದ ಮೇಲೆ ಅಲ್ಲಿನ ಆಸ್ಥಾನದಲ್ಲಿ ಶತಮಾನಗಳ ಕಾಲ ಫ್ರೆಂಚ್ ನಡೆಯಿತು. ಹಾಗೆ ಇಂಗ್ಲಿಷಿಗೆ ಹೋದ ಪದಗಳು ಲೆಕ್ಕವಿಲ್ಲದಷ್ಟು. ಆಮೇಲೆ ಎರಡೂ ಕಡೆ ಅರ್ಥಗಳು ಬೇರೆ ಬೇರೆ ದಾರಿ ಹಿಡಿದವು. ನಮಗೆ ಹಿಂದಿಯ ಜೊತೆ ಆಗುವುದೂ ಇದೇ: ಉಪನ್ಯಾಸ ಅಂದರೆ ನಮಗೆ ಭಾಷಣ, ಅವರಿಗೆ ಕಾದಂಬರಿ. ಅನುಮಾನ ಅಂದರೆ ನಮಗೆ ಸಂಶಯ, ಅವರಿಗೆ ಅಂದಾಜು.

ಈ ಬಲೆಗೆ ಇಂಗ್ಲಿಷಿನವರಷ್ಟೇ ಬೀಳುತ್ತಾರೆ ಅಂದುಕೊಳ್ಳಬೇಡಿ. ಇಂಗ್ಲಿಷಿನಿಂದ ಬಂದ ಆ ಪದಗಳೆಲ್ಲ ಈಗ ನಮ್ಮ ಕನ್ನಡದೊಳಗೇ ಇವೆ. ಫ್ರೆಂಚ್ ‘ಲಿಬ್ರೆರಿ’ ನಮ್ಮ ಲೈಬ್ರರಿ ಅಲ್ಲ, ಪುಸ್ತಕದ ಅಂಗಡಿ. ಲೈಬ್ರರಿಗೆ ‘ಬಿಬ್ಲಿಯೊತೆಕ್’. ‘ಕೊಲೆಝ್’ ಅಂದರೆ ಪಿಯುಸಿ, ಡಿಗ್ರಿ ಕಾಲೇಜಲ್ಲ, ಹನ್ನೊಂದರಿಂದ ಹದಿನೈದು ವರ್ಷದ ಮಕ್ಕಳು ಹೋಗುವ ಶಾಲೆ. ‘ಪೇತ್ರೋಲ್’ ಅಂದರೆ ಕಚ್ಚಾ ತೈಲ, ಗಾಡಿಗೆ ಹಾಕಿಸುವುದು ‘ಎಸಾಂಸ್’. ‘ಲೊಕಾಸ್ಯೋಂ’ ಅಂದರೆ ಬಾಡಿಗೆಗೆ ಕೊಡುವುದು. ‘ದೇಸೆಪ್ಸ್ಯೋಂ’ ಅಂದರೆ ಮೋಸ ಅಲ್ಲ, ನಿರಾಸೆ. ‘ದಮಾಂದೇ’ ಅಂದರೆ ಡಿಮ್ಯಾಂಡ್ ಮಾಡುವುದಲ್ಲ, ಸುಮ್ನೆ ಕೇಳುವುದು. ಊರಿನ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಯಾರಿಗಾದರೂ ಕೊಡುವಾಗ ಪ್ರಿಸರ್ವೇಟಿವ್ ಹಾಕಿಲ್ಲ ಅಂತ ಹೇಳಬೇಕಾದರೆ ‘ಪ್ರೇಜ಼ೆರ್ವಾತೀಫ್’ ಅನ್ನಬೇಡಿ, ಅದು ಕಾಂಡೋಮ್. ಸರಿಯಾದ ಪದ ‘ಕೋಂಸೆರ್ವಾತೊರ್’.

ಕೊನೆಯದಾಗಿ ಸಂಖ್ಯೆಗಳು. ಅರವತ್ತೊಂಬತ್ತರ ತನಕ ಎಲ್ಲ ಸರಿ. ಎಪ್ಪತ್ತು ಬಂದಾಗ ‘ಸ್ವಾಸಾಂತ್ ದೀಸ್’, ಅಂದರೆ ಅರವತ್ತು ಹತ್ತು. ಎಂಬತ್ತಕ್ಕೆ ‘ಕಾತ್ರ್ ವ್ಯಾಂ’, ನಾಲ್ಕು ಇಪ್ಪತ್ತು. ತೊಂಬತ್ತೇಳಕ್ಕೆ ‘ಕಾತ್ರ್ ವ್ಯಾಂ ದೀಸೆತ್’, ನಾಲ್ಕು ಇಪ್ಪತ್ತು ಹದಿನೇಳು. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚಿನಲ್ಲಿ ಎಪ್ಪತ್ತಕ್ಕೆ ‘ಸೆಪ್ತಾಂತ್’, ತೊಂಬತ್ತಕ್ಕೆ ‘ನೊನಾಂತ್’ ಅಂತ ಸರಳ ಪದಗಳಿವೆ, ಫ್ರಾನ್ಸಿನಲ್ಲಿ ಅವನ್ನು ಬಳಸುವುದಿಲ್ಲ. ಕಷ್ಟ ಗೊತ್ತಾಗುವುದು ಫೋನ್ ನಂಬರ್ ಬರೆದುಕೊಳ್ಳುವಾಗ. ಫ್ರೆಂಚರು ಹತ್ತು ಅಂಕಿಯ ನಂಬರನ್ನು ಎರಡೆರಡಾಗಿ ಜೋಡಿ ಮಾಡಿ ಹೇಳುತ್ತಾರೆ. ‘ಸ್ವಾಸಾಂತ್’ ಕಿವಿಗೆ ಬಿದ್ದ ಕೂಡಲೇ ಆರು ಬರೆದುಬಿಟ್ಟರೆ, ಹಿಂದೆಯೇ ‘ದೀಸೆತ್’ ಬಂದು ಅದು ಎಪ್ಪತ್ತೇಳಾಗಿರುತ್ತದೆ. ಜೋಡಿ ಮುಗಿಯುವ ತನಕ ಕಾಯಬೇಕು.

ಇದಕ್ಕೆ ನಾನು ಮಕ್ಕಳಿಂದ ಮಾಡಿಸುವುದು ಎರಡು ಕೆಲಸ. ಒಂದು, ಮನೆಯವರೆಲ್ಲರ ಮೊಬೈಲ್ ನಂಬರನ್ನು ಎರಡೆರಡು ಅಂಕಿ ಮಾಡಿ ಫ್ರೆಂಚಿನಲ್ಲಿ ಹೇಳುವುದು. ನಮ್ಮದೂ ಹತ್ತೇ ಅಂಕಿ, ಐದು ಜೋಡಿ ಸರಿಯಾಗಿ ಆಗುತ್ತದೆ, ಶುರುವಿನಲ್ಲೇ ಹೆಚ್ಚಾಗಿ ಏಳು, ಎಂಟು, ಒಂಬತ್ತು ಬರುವುದರಿಂದ ಕಷ್ಟದ ಸಂಖ್ಯೆಗಳೇ ಬಾಯಿಗೆ ಬರುತ್ತವೆ. ಇನ್ನೊಂದು, ಪೇಪರಿನಲ್ಲಿ ಬರುವ ಅಡಿಕೆ ಧಾರಣೆಯನ್ನು ಗಟ್ಟಿಯಾಗಿ ಫ್ರೆಂಚಿನಲ್ಲಿ ಓದುವುದು. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆ ಒಂದೊಂದಕ್ಕೂ ಐದಂಕಿಯ ಕನಿಷ್ಠ, ಗರಿಷ್ಠ ದರ ಇರುತ್ತದೆ, ಅಭ್ಯಾಸಕ್ಕೆ ಧಾರಾಳ ಸಾಕು. ಕ್ವಿಂಟಾಲಿಗೆ ಬೇರೆ ಪದ ಹುಡುಕಬೇಡಿ. ಫ್ರೆಂಚಿನಲ್ಲೂ ಅದು ‘ಕ್ಯಾಂತಾಲ್’, ಅಲ್ಲೂ 100 ಕೆಜಿ, ಮತ್ತು ಪುಲ್ಲಿಂಗ.